ಕೆಲಸ ಸಿಕ್ಕಿತು, ಮನೆ ಎಲ್ಲಿ ಮಾಡೋದು?

(ಮಂಡ್ಯದಲ್ಲಿ ಅಂತಿಮ ವರ್ಷದ ವಿದ್ಯಾರ್ಥಿಗಳು ಮತ್ತು ಪೋಷಕರ ಮುಂದೆ ಆಡಿದ ಮಾತುಗಳ ಬರಹ ರೂಪ)

ನಿಮ್ಮಲ್ಲಿ ಕೆಲವರ ಕೈಗೆ ಆಗಲೇ ಆಫರ್ ಲೆಟರ್ ಬಂದಿದೆ. ಉಳಿದವರಿಗೂ ಬರುತ್ತದೆ. ಬಂದ ದಿನ ಮನೆಯಲ್ಲಿ ಸಿಹಿ ಹಂಚಿ ಆಯಿತು ಅಂದರೆ ಮುಂದಿನ ಮಾತು ಇರುವ ಜಾಗದ್ದು. "ಮೈಸೂರೇನು ದೂರನಾ ಮಗ? ಇಲ್ಲಿಂದ್ಲೇ ಓಡಾಡು. ಸುಮ್ನೆ ಬಾಡ್ಗೆ ಯಾಕ್ ಕಟ್ಟೀಯ?" ಅಂತ ಅಪ್ಪ. "ಹೊರಗಡೆ ಊಟ ಒಗ್ಗುತ್ತೋ ಇಲ್ವೋ" ಅಂತ ಅಮ್ಮ. ಗೆಳೆಯರು ಅಷ್ಟರಲ್ಲೇ ವಿಜಯನಗರದಲ್ಲಿ ಒಂದು ಪಿಜಿ ನೋಡಿಟ್ಟಿರುತ್ತಾರೆ. ಇಷ್ಟು ಮಾತಿನ ನಡುವೆ ಒಂದೆರಡು ವಾರದಲ್ಲಿ ನೀವು ತೀರ್ಮಾನಕ್ಕೆ ಬರಬೇಕು.

ನಾನು ಮೈಸೂರಿನ ಕಾರ್ಖಾನೆಯೊಂದರ ಎಚ್.ಆರ್. ವಿಭಾಗದಲ್ಲಿ ಬಹಳ ವರ್ಷ ಕೆಲಸ ಮಾಡಿದವಳು. ಹೊಸದಾಗಿ ಸೇರುವ ಹುಡುಗ ಹುಡುಗಿಯರ ಕಾಗದಪತ್ರ ನೋಡುವುದು ನನ್ನ ಕೆಲಸವಾಗಿತ್ತು. ಬಿಟ್ಟು ಹೋಗುವವರ ರಾಜೀನಾಮೆ ಪತ್ರವೂ ನನ್ನ ಟೇಬಲ್ಲಿಗೇ ಬರುತ್ತಿತ್ತು. ಪತ್ರದಲ್ಲಿ ವೈಯಕ್ತಿಕ ಕಾರಣ ಅಂತಷ್ಟೇ ಇರುತ್ತಿತ್ತು. ಕೂರಿಸಿಕೊಂಡು ಕೇಳಿದರೆ ಬೇರೆ ಮಾತು ಬರುತ್ತಿತ್ತು. "ಮೇಡಂ, ಓಡಾಡಿ ಸಾಕಾಯ್ತು." "ಸೆಕೆಂಡ್ ಶಿಫ್ಟ್ ಮುಗಿಸಿ ಹೋದ್ರೆ ಪಿಜಿ ಗೇಟ್ ತೆಗೆಯಲ್ಲ." "ರೂಮಲ್ಲಿ ನೀರೇ ಬರಲ್ಲ, ಸ್ನಾನಕ್ಕೆ ಫ್ರೆಂಡ್ ಮನೆಗೆ ಹೋಗ್ತೀನಿ." ಇವರಿಗೆ ಕೆಲಸ ಇಷ್ಟವಿತ್ತು. ಕೆಲವರು ಬಹಳ ಚೆನ್ನಾಗಿಯೂ ಮಾಡುತ್ತಿದ್ದರು. ಆರು ತಿಂಗಳು ತಡೆದುಕೊಂಡಿದ್ದರೆ ಕಾಯಂ ಆಗುತ್ತಿದ್ದವರು. ಅಂಥವರನ್ನು ಕಳಿಸಿಕೊಡುವಾಗ ನನಗೆ ಸಂಕಟವಾಗುತ್ತಿತ್ತು. ಇವತ್ತು ಇಲ್ಲಿಗೆ ಬರಲು ಒಪ್ಪಿದ್ದು ಅದಕ್ಕೇ.

ಮನೆ ಹುಡುಕುವಾಗ ಎಲ್ಲರೂ ಮೊದಲು ಕೇಳುವುದು ಬಾಡಿಗೆ ಎಷ್ಟು ಅಂತ. ಆಮೇಲೆ ಆಫೀಸಿಗೆ ಎಷ್ಟು ಕಿಲೋಮೀಟರ್ ಅಂತ. ಎರಡನ್ನೂ ಕೇಳಿ, ಬೇಡ ಅನ್ನುವುದಿಲ್ಲ. ಆದರೆ ಅದಕ್ಕಿಂತ ಮೊದಲು ಕೇಳಿಕೊಳ್ಳಬೇಕಾದ್ದು ಒಂದಿದೆ. ನನ್ನ ಕೆಲಸ ಮುಗಿಯುವ ಅತಿ ಕೆಟ್ಟ ಹೊತ್ತು ಯಾವುದು, ಆ ಹೊತ್ತಿನಲ್ಲಿ ನಾನು ಮನೆಗೆ ಯಾವುದರಲ್ಲಿ ಬರುತ್ತೇನೆ?

ಕಾರ್ಖಾನೆಗಳಲ್ಲಿ ಸಾಮಾನ್ಯವಾಗಿ ಫಸ್ಟ್ ಶಿಫ್ಟ್ ಬೆಳಿಗ್ಗೆ 6ರಿಂದ ಮಧ್ಯಾಹ್ನ 2, ಸೆಕೆಂಡ್ ಶಿಫ್ಟ್ 2ರಿಂದ ರಾತ್ರಿ 10, ಥರ್ಡ್ ಶಿಫ್ಟ್ 10ರಿಂದ ಬೆಳಿಗ್ಗೆ 6. ಜನರಲ್ ಶಿಫ್ಟ್ ಬೇರೆ. ಹೊಸಬರಿಗೆ ಹೆಚ್ಚಾಗಿ ಶಿಫ್ಟ್ ಬದಲಾಗುತ್ತಲೇ ಇರುತ್ತದೆ. ಹಾಗಾಗಿ ಬೆಳಿಗ್ಗೆ ಒಂಬತ್ತರ ಲೆಕ್ಕದಲ್ಲಿ ಮನೆ ಹಿಡಿದವರು ರಾತ್ರಿ ಹತ್ತಕ್ಕೆ ಗೇಟಿನ ಹೊರಗೆ ನಿಂತಾಗ ಗಾಬರಿಯಾಗುತ್ತಾರೆ. ಐಟಿ ಕಂಪನಿ ಅಂದುಕೊಂಡು ನೀವು ಆರಾಮಾಗಿ ಇರಬೇಡಿ. ಅಮೆರಿಕದ ಗ್ರಾಹಕರ ಜೊತೆ ಕೆಲಸ ಮಾಡುವ ತಂಡಕ್ಕೆ ಹಾಕಿದರೆ ನಿಮ್ಮ ಸಂಜೆಯೂ ಹೋಗುತ್ತದೆ. ಆಫರ್ ಲೆಟರ್ ಬಂದ ಕೂಡಲೇ ಎಚ್.ಆರ್.ಗೆ ಒಂದು ಮೇಲ್ ಹಾಕಿ. ಶಿಫ್ಟ್ ಯಾವುದು, ಕಂಪನಿ ಬಸ್ ಇದೆಯಾ, ಎಲ್ಲೆಲ್ಲಿ ಹತ್ತಿಸಿಕೊಳ್ಳುತ್ತಾರೆ, ರಾತ್ರಿ ಶಿಫ್ಟಿಗೂ ಅದೇ ಬಸ್ ಬರುತ್ತಾ ಅಂತ ಕೇಳಿ. ಹೊಸಬರು ಇದನ್ನೆಲ್ಲ ಕೇಳಿದರೆ ಏನಂದುಕೊಳ್ಳುತ್ತಾರೋ ಅಂತ ಹೆದರುವುದು ಬೇಡ. ಹೀಗೆ ಕೇಳಿದ ಮಕ್ಕಳ ಬಗ್ಗೆ ನನಗೆ ಗೌರವ ಜಾಸ್ತಿಯಾಗುತ್ತಿತ್ತು.

ಕಂಪನಿ ಬಸ್ ಇದ್ದರೆ ಲೆಕ್ಕವೇ ಬೇರೆ. ಫ್ಯಾಕ್ಟರಿಯಿಂದ ಎರಡು ಕಿಲೋಮೀಟರ್ ದೂರದ, ಬಸ್ ಬಾರದ ಬಡಾವಣೆಗಿಂತ ಹತ್ತು ಕಿಲೋಮೀಟರ್ ಆಚೆ ಬಸ್ ನಿಲ್ಲುವ ಸರ್ಕಲ್ಲಿನ ಹತ್ತಿರದ ಮನೆ ಎಷ್ಟೋ ವಾಸಿ. ಹತ್ತುವ ಜಾಗದಿಂದ ಐದು ನಿಮಿಷ ನಡೆದರೆ ಮನೆ ಸಿಗಬೇಕು. ರಾತ್ರಿ ಹತ್ತೂವರೆಗೆ ಆ ಐದು ನಿಮಿಷದ ದಾರಿಯಲ್ಲಿ ಬೀದಿ ದೀಪ ಉರಿಯುತ್ತಿರಬೇಕು. ಇದನ್ನು ಹಗಲು ಹೊತ್ತು ನೋಡಿದರೆ ಗೊತ್ತಾಗುವುದಿಲ್ಲ. ಅಡ್ವಾನ್ಸ್ ಕೊಡುವ ಮೊದಲು ಒಂದು ಸಲ ಆ ಹೊತ್ತಿಗೇ ಹೋಗಿ ನಡೆದು ನೋಡಿ.

ಈಗ ಮಂಡ್ಯದಿಂದ ಓಡಾಡುವ ವಿಷಯಕ್ಕೆ ಬರೋಣ. ಇಲ್ಲಿ ಕೂತಿರುವ ಅಪ್ಪ ಅಮ್ಮಂದಿರ ಮನಸ್ಸಿನಲ್ಲಿ ಇರುವುದೂ ಇದೇ ಅಲ್ವಾ?

ಮಂಡ್ಯದಿಂದ ಮೈಸೂರು ಸುಮಾರು 45 ಕಿಲೋಮೀಟರ್. ಜೋಡಿ ಹಳಿ ಇದೆ, ರೈಲು ಸಾಕಷ್ಟಿವೆ, ಬಸ್ಸಂತೂ ಕೈ ತೋರಿಸಿದರೆ ಸಿಗುತ್ತದೆ. 2023ರ ಜೂನ್‌ನಿಂದ ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳಿಗೆ ಸಾಮಾನ್ಯ ಸಾರಿಗೆ, ಎಕ್ಸ್‌ಪ್ರೆಸ್ ಬಸ್ಸುಗಳಲ್ಲಿ ದುಡ್ಡೂ ಇಲ್ಲ. ಇದು ಸಣ್ಣ ವಿಷಯವಲ್ಲ. ತಿಂಗಳ ಬಸ್ ಖರ್ಚಿಗೆ ಹೆದರಿ ಕೆಲಸವೇ ಬೇಡ ಅಂದುಬಿಡುತ್ತಿದ್ದ ಮನೆಗಳನ್ನು ನಾನು ನೋಡಿದ್ದೇನೆ. ಈಗ ಆ ಮಾತು ಎತ್ತುವ ಹಾಗಿಲ್ಲ.

ಆದರೆ ದುಡ್ಡು ಉಳಿದ ಮಾತ್ರಕ್ಕೆ ಹೊತ್ತು ಉಳಿಯುವುದಿಲ್ಲ. ನಿಮ್ಮ ಕೆಲಸ ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲೋ ಕೂರ್ಗಳ್ಳಿಯಲ್ಲೋ ಇದೆ ಅಂತಿಟ್ಟುಕೊಳ್ಳಿ. ಮನೆಯಿಂದ ಮಂಡ್ಯ ಬಸ್ ಸ್ಟ್ಯಾಂಡಿಗೆ ಹದಿನೈದು ನಿಮಿಷ. ಕಾಯುವುದಕ್ಕೆ ಹದಿನೈದು. ಮೈಸೂರು ತಲುಪಲು ಒಂದು ಗಂಟೆ. ಅಲ್ಲಿ ಸಬ್‌ಅರ್ಬನ್ ಸ್ಟ್ಯಾಂಡಿನಲ್ಲಿ ಇಳಿದು, ಅರಮನೆ ಹತ್ತಿರದ ಸಿಟಿ ಬಸ್ ಸ್ಟ್ಯಾಂಡಿಗೆ ನಡೆದು, ಇನ್ನೊಂದು ಬಸ್ ಹಿಡಿದು ಕಾರ್ಖಾನೆ ಗೇಟು ಮುಟ್ಟುವ ಹೊತ್ತಿಗೆ ಇನ್ನೂ ಮುಕ್ಕಾಲು ಗಂಟೆ. ಒಟ್ಟು ಎರಡೂಕಾಲು ಗಂಟೆ. ವಾಪಸ್ಸಿಗೂ ಅಷ್ಟೇ. ದಿನಕ್ಕೆ ನಾಲ್ಕೂವರೆ ಗಂಟೆ ಆಯಿತು. ತಿಂಗಳಿಗೆ 25 ದಿನದ ಕೆಲಸ ಅಂದರೆ 112 ಗಂಟೆಗೂ ಮೇಲೆ. ದಿನಕ್ಕೆ ಎಂಟು ಗಂಟೆಯ ಹಾಗೆ ಲೆಕ್ಕ ಹಾಕಿದರೆ ಹದಿನಾಲ್ಕು ದಿನದ ಕೆಲಸ ಅದು. ಸಂಬಳವಿಲ್ಲದ ಕೆಲಸ. ಬೆಂಗಳೂರು ರಸ್ತೆ ರಿಂಗ್ ರೋಡನ್ನು ಕೂಡುವ ಸರ್ಕಲ್ಲಿನಲ್ಲೇ ಇಳಿದು, ಊರೊಳಗೆ ಹೋಗದೆ ರಿಂಗ್ ರೋಡ್ ಮೇಲೆ ಹೆಬ್ಬಾಳಕ್ಕೆ ಹೋಗುವ ದಾರಿ ಸಿಕ್ಕರೆ ಸ್ವಲ್ಪ ಉಳಿಯುತ್ತದೆ. ನಿಮ್ಮ ಕಂಪನಿ ಬಸ್ ಆ ಸರ್ಕಲ್ಲಿಗೆ ಬರುತ್ತಾ ಅಂತ ಕೇಳಿ. ಬಂದರೆ ಓಡಾಡುವುದು ಆಗದ ಮಾತೇನಲ್ಲ.

ಬೈಕಿನಲ್ಲಿ ಹೋಗುತ್ತೇನೆ ಅನ್ನುವ ಗಂಡುಮಕ್ಕಳಿಗೆ ಒಂದು ಮಾತು. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಯಲ್ಲಿ 2023ರ ಆಗಸ್ಟ್ 1ರಿಂದ ಬೈಕು, ಆಟೋ ಬಿಡುವುದಿಲ್ಲ. ನೀವು ಸರ್ವಿಸ್ ರಸ್ತೆಯಲ್ಲೇ ಹೋಗಬೇಕು. ಅಲ್ಲಿ ಊರಿನ ಟ್ರ್ಯಾಕ್ಟರ್, ಕಬ್ಬಿನ ಗಾಡಿ, ದಾಟುವ ದನ, ಎದುರಿಗೆ ಬರುವ ಬೈಕು ಎಲ್ಲ ಇರುತ್ತವೆ. ರಾತ್ರಿ ಶಿಫ್ಟ್ ಮುಗಿಸಿ, ನಿದ್ದೆಗಣ್ಣಿನಲ್ಲಿ 45 ಕಿಲೋಮೀಟರ್ ಬೈಕ್ ಓಡಿಸುವ ಯೋಚನೆಯನ್ನು ದಯವಿಟ್ಟು ಕೈಬಿಡಿ. ಇದನ್ನು ಕೈ ಮುಗಿದು ಕೇಳಿಕೊಳ್ಳುತ್ತೇನೆ. ಬಾಡಿಗೆ ಉಳಿಸಲು ಹೋಗಿ ಆಸ್ಪತ್ರೆ ಸೇರಿದವರ ಮನೆಯವರನ್ನು ನಾನು ಕಾರಿಡಾರಿನಲ್ಲಿ ಭೇಟಿ ಮಾಡಿದ್ದೇನೆ.

ಹಾಗಂತ ಎಲ್ಲರೂ ಊರು ಬಿಡಬೇಕು ಅಂತ ಹೇಳುತ್ತಿಲ್ಲ. ಕೆಲಸ ತೂಬಿನಕೆರೆಯಲ್ಲೋ ಗೆಜ್ಜಲಗೆರೆಯಲ್ಲೋ ಸಿಕ್ಕಿದ್ದರೆ ಮನೆ ಬಿಡುವುದು ಯಾಕೆ? ಬೆಂಗಳೂರಿನ ಕಡೆಯಾದರೆ, ಕೆಂಗೇರಿಯಲ್ಲಿ ರೈಲು ಇಳಿದು ನೇರಳೆ ಮಾರ್ಗದ ಮೆಟ್ರೋ ಹಿಡಿಯುವ ಅನುಕೂಲ ಈಗ ಇದೆ. ಸೀಸನ್ ಟಿಕೆಟ್ ಮಾಡಿಸಿ ವರ್ಷಗಟ್ಟಲೆ ಚಾಮುಂಡಿ ಎಕ್ಸ್‌ಪ್ರೆಸ್‌ನಲ್ಲಿ ಓಡಾಡಿದ ಜನ ಈ ಊರಲ್ಲಿ ಬಹಳ ಇದ್ದಾರೆ. ಅವರನ್ನೇ ಕೇಳಿ. ಅವರಲ್ಲಿ ಹೆಚ್ಚಿನವರದ್ದು ಜನರಲ್ ಶಿಫ್ಟ್, ಸರ್ಕಾರಿ ಅಥವಾ ಬ್ಯಾಂಕ್ ಕೆಲಸ, ಹೋಗುವ ಬರುವ ಹೊತ್ತು ಗಟ್ಟಿ. ನಿಮ್ಮದು ಹಾಗಿದೆಯಾ ಅಂತ ನೋಡಿಕೊಳ್ಳಿ.

ಮೈಸೂರಿನಲ್ಲೇ ಇರುವುದು ಅಂತಾದರೆ, ಯಾವ ದಿಕ್ಕಿನಲ್ಲಿ ಅಂತ ಮೊದಲು ತೀರ್ಮಾನಿಸಿ. ಮೈಸೂರು ಸಣ್ಣ ಊರು, ಎಲ್ಲಿದ್ದರೂ ಆಗುತ್ತೆ ಅನ್ನುವ ಮಾತು ಈಗ ನಡೆಯುವುದಿಲ್ಲ. ಹೆಬ್ಬಾಳ, ಮೇಟಗಳ್ಳಿ, ಹೂಟಗಳ್ಳಿ, ಕೂರ್ಗಳ್ಳಿ, ಬೆಳವಾಡಿ ಇವೆಲ್ಲ ಊರಿನ ವಾಯವ್ಯಕ್ಕೆ. ಅಲ್ಲಿ ಕೆಲಸವಿದ್ದರೆ ವಿಜಯನಗರ, ಹಿನಕಲ್, ಗೋಕುಲಂ, ಒಂಟಿಕೊಪ್ಪಲು ಸುತ್ತ ನೋಡಿ. ಕಡಕೊಳ, ತಾಂಡವಪುರ, ನಂಜನಗೂಡು ಕೈಗಾರಿಕಾ ಪ್ರದೇಶ ಇರುವುದು ಪೂರ್ತಿ ಎದುರು ದಿಕ್ಕಿಗೆ, ದಕ್ಷಿಣಕ್ಕೆ. ಅಲ್ಲಿ ಕೆಲಸವಿದ್ದು ಗೆಳೆಯ ಇದ್ದಾನೆ ಅಂತ ವಿಜಯನಗರ ನಾಲ್ಕನೇ ಹಂತದಲ್ಲಿ ರೂಮು ಮಾಡಿದರೆ ದಿನಾ ಇಡೀ ಊರು ದಾಟಬೇಕು. ಜೆ.ಪಿ. ನಗರ, ಶ್ರೀರಾಂಪುರ, ವಿದ್ಯಾರಣ್ಯಪುರಂ, ಅಶೋಕಪುರಂ ಕಡೆ ನೋಡಿ. ಅಶೋಕಪುರಂನಲ್ಲಿ ರೈಲ್ವೆ ನಿಲ್ದಾಣವಿದೆ. ಚಾಮರಾಜನಗರದ ರೈಲು ಅಲ್ಲಿಂದ ಕಡಕೊಳ, ನಂಜನಗೂಡಿನ ಮೇಲೇ ಹೋಗುತ್ತದೆ. ನಿಮ್ಮ ಶಿಫ್ಟಿಗೆ ಆ ರೈಲಿನ ಹೊತ್ತು ಹೊಂದಿದರೆ ಅದಕ್ಕಿಂತ ಸುಖ ಇನ್ನೊಂದಿಲ್ಲ.

ಗೋಕುಲಂ ಬಗ್ಗೆ ಒಂದು ಮಾತು. ಅಲ್ಲಿ ಯೋಗ ಕಲಿಯಲು ಹೊರದೇಶದವರು ಬಂದು ತಿಂಗಳುಗಟ್ಟಲೆ ಉಳಿಯುತ್ತಾರೆ. ಸೋಫಾ, ಫ್ರಿಜ್ ಎಲ್ಲ ಇಟ್ಟ ಮನೆಗಳು ಅವರ ಲೆಕ್ಕದಲ್ಲೇ ಬಾಡಿಗೆಗೆ ಹೋಗುತ್ತವೆ. ಮೊದಲ ಸಂಬಳದವರು ಅಲ್ಲಿ ಖಾಲಿ ಮನೆಯನ್ನೇ ಕೇಳಬೇಕು. ಒಂದು ಮಂಚ, ಒಂದು ಸ್ಟವ್ ನಿಧಾನವಾಗಿ ಕೊಂಡರಾಯಿತು.

ಇಲ್ಲಿ ಸ್ವಲ್ಪ ದಾರಿ ಬಿಟ್ಟು ಹೋಗುತ್ತೇನೆ. ಮೈಸೂರಿನ ಹಳೇ ಬಡಾವಣೆಗಳಲ್ಲಿ ಓಡಾಡಿದರೆ ಒಂದು ವಿಷಯ ಕಣ್ಣಿಗೆ ಬೀಳುತ್ತದೆ. ಪಾರ್ಕು, ಸ್ಕೂಲು, ತರಕಾರಿ ಅಂಗಡಿ, ದೇವಸ್ಥಾನ, ಬಸ್ ಸ್ಟಾಪು ಎಲ್ಲ ನಡೆದು ಹೋಗುವಷ್ಟು ಹತ್ತಿರ. ಇದು ತಾನಾಗಿ ಆದದ್ದಲ್ಲ. ಪ್ಲೇಗ್ ಬಂದು ಊರು ನರಳಿದ ಕಾಲದಲ್ಲಿ, ಗಾಳಿ ಬೆಳಕು ಇರುವ ಬಡಾವಣೆ ಕಟ್ಟಬೇಕು ಅಂತ 1903ರಲ್ಲೇ ಮೈಸೂರಿನಲ್ಲಿ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ ಮಾಡಿದರು. ಆ ಯೋಚನೆಯ ಫಲ ಒಂಟಿಕೊಪ್ಪಲು, ಸರಸ್ವತಿಪುರಂ ಕಡೆ ಇವತ್ತಿಗೂ ಕಾಣುತ್ತದೆ. ರಿಂಗ್ ರೋಡಿನ ಆಚೆ ಎದ್ದಿರುವ ಎಷ್ಟೋ ಖಾಸಗಿ ಬಡಾವಣೆಗಳಲ್ಲಿ ಸೈಟು ಇದೆ, ಕಮಾನು ಇದೆ, ಮನೆ ಇದೆ. ಒಂದು ಪ್ಯಾಕೆಟ್ ಹಾಲು ಬೇಕೆಂದರೆ ಗಾಡಿ ತೆಗೆಯಬೇಕು. ಬಾಡಿಗೆ ಕಡಿಮೆ ಇರುವುದು ಅದಕ್ಕೇ. ಸ್ವಂತ ಗಾಡಿ ಇಲ್ಲದ ಹೊಸಬರಿಗೆ ಹಳೇ ಬಡಾವಣೆಯ ಔಟ್‌ಹೌಸೋ ಮಹಡಿ ಮೇಲಿನ ಒಂದು ರೂಮೋ ಈ ಹೊಸ ಡಬಲ್ ಬೆಡ್‌ರೂಮಿಗಿಂತ ಮೇಲು ಅಂತ ನನ್ನ ಅಭಿಪ್ರಾಯ.

ನೀರು. ಇದನ್ನು ಓನರ್ ಹತ್ತಿರ ಕೇಳಿದರೆ "ನೀರಿಗೇನು ತೊಂದರೆ ಇಲ್ಲ" ಅಂತಲೇ ಹೇಳುತ್ತಾರೆ. ಪಕ್ಕದ ಮನೆಯ ಬಾಡಿಗೆದಾರರನ್ನು ಕೇಳಿ, ಬೀದಿ ಕೊನೆಯ ನಂದಿನಿ ಬೂತಿನವರನ್ನು ಕೇಳಿ. ಬರುವುದು ಪಾಲಿಕೆಯ ವಾಣಿವಿಲಾಸ ವಾಟರ್ ವರ್ಕ್ಸ್ ನೀರಾ, ಬೋರ್‌ವೆಲ್ಲಾ, ಟ್ಯಾಂಕರಾ? ವಾರಕ್ಕೆ ಎಷ್ಟು ಸಲ, ಯಾವ ಹೊತ್ತಿಗೆ ಬಿಡುತ್ತಾರೆ? ಮೋಟಾರ್ ಹಾಕುವವರು ಯಾರು? ಸಂಪಿನಿಂದ ಮೇಲಿನ ಟ್ಯಾಂಕಿಗೆ ನೀರು ಏರಿಸುವ ಸ್ವಿಚ್ಚು ಓನರ್ ಮನೆಯೊಳಗಿದ್ದು, ಅವರು ಮಗಳ ಮನೆಗೆ ಹೋದ ವಾರವೆಲ್ಲ ಬಕೆಟ್ ಹೊತ್ತ ಹುಡುಗರನ್ನು ನಾನು ಬಲ್ಲೆ. ಬಾತ್‌ರೂಮಿನ ನಲ್ಲಿ ತಿರುಗಿಸಿ ನೋಡಿ. ನಲ್ಲಿಯ ಬಾಯಿಗೆ, ಬಕೆಟ್ಟಿನ ಅಂಚಿಗೆ ಬಿಳಿ ಉಪ್ಪು ಕಟ್ಟಿಕೊಂಡಿದ್ದರೆ ಅದು ಗಡಸು ನೀರು. ಕುಡಿಯುವ ನೀರು ಬೇರೆ ತರಬೇಕಾಗುತ್ತದೆ.

ಕರೆಂಟಿನ ಮೀಟರ್ ನಿಮ್ಮ ಮನೆಗೆ ಬೇರೆ ಇದೆಯಾ ನೋಡಿ. ಬೇರೆ ಇದ್ದರೆ ಅದಕ್ಕೊಂದು ಆರ್.ಆರ್. ನಂಬರ್ ಇರುತ್ತದೆ. ಆ ನಂಬರಿಗೆ ನಿಮ್ಮ ಆಧಾರ್ ಜೋಡಿಸಿ ಉಚಿತ ಕರೆಂಟಿನ ಗೃಹಜ್ಯೋತಿ ಯೋಜನೆಗೆ ಅರ್ಜಿ ಹಾಕಬಹುದು. ಬಾಡಿಗೆದಾರರಿಗೂ ಅದು ಸಿಗುತ್ತದೆ. ಹಿಂದಿನ ಬಾಡಿಗೆದಾರರು ತಮ್ಮ ಆಧಾರ್ ಬಿಡಿಸಿಕೊಂಡಿದ್ದಾರಾ ಅಂತ ಮೊದಲೇ ಕೇಳಿಕೊಳ್ಳಿ.

ಈಗ ದುಡ್ಡಿನ ಮಾತು. ಆಫರ್ ಲೆಟರಿನಲ್ಲಿ ಇರುವ ಸಿಟಿಸಿ, ಅಂದರೆ ಕಂಪನಿ ನಿಮಗಾಗಿ ವರ್ಷಕ್ಕೆ ಮಾಡುವ ಒಟ್ಟು ಖರ್ಚು, ನಿಮ್ಮ ಕೈಗೆ ಬರುವ ಸಂಬಳವಲ್ಲ. ಅದರಲ್ಲಿ ಕಂಪನಿ ಕಟ್ಟುವ ಪಿಎಫ್, ಗ್ರಾಚ್ಯುಟಿ ಎಲ್ಲ ಸೇರಿರುತ್ತದೆ. ನಿಮ್ಮ ಪಾಲಿನ ಪಿಎಫ್ ಬೇರೆ ಕಡಿತವಾಗುತ್ತದೆ. ಸಂಬಳ 21,000ದ ಒಳಗಿದ್ದರೆ ಆರೋಗ್ಯ ವಿಮೆಯ ಇಎಸ್‌ಐ ಹಿಡಿಯುತ್ತಾರೆ, 25,000 ಮುಟ್ಟಿದರೆ ವೃತ್ತಿ ತೆರಿಗೆ ಹಿಡಿಯುತ್ತಾರೆ. ಸಿಟಿಸಿಯನ್ನು ಹನ್ನೆರಡರಿಂದ ಭಾಗಿಸಿ ಬಾಡಿಗೆ ಲೆಕ್ಕ ಹಾಕಿದವರು ಮೊದಲ ತಿಂಗಳೇ ಬೆಚ್ಚುತ್ತಾರೆ. ಇನ್ನೊಂದು, ತಿಂಗಳ ಕೊನೆಯ ವಾರದಲ್ಲಿ ಸೇರಿದರೆ ಎಷ್ಟೋ ಕಡೆ ಆ ದಿನಗಳ ಸಂಬಳ ಮುಂದಿನ ತಿಂಗಳ ಜೊತೆ ಬರುತ್ತದೆ. ಅಲ್ಲಿಯವರೆಗೆ ಅಡ್ವಾನ್ಸ್, ಮೊದಲ ಬಾಡಿಗೆ, ಊಟ, ಬಸ್ಸು ಎಲ್ಲಕ್ಕೂ ಮನೆಯಿಂದಲೇ ದುಡ್ಡು ಬೇಕು. ಅಪ್ಪ ಅಮ್ಮನ ಹತ್ತಿರ ಇದನ್ನು ಮೊದಲೇ ಬಾಯಿಬಿಟ್ಟು ಹೇಳಿ. ಕೇಳಲು ನಾಚಿಕೆಪಟ್ಟು ಮೊಬೈಲ್ ಆ್ಯಪಿನಲ್ಲಿ ಸಾಲ ತೆಗೆದವರು ಆಮೇಲೆ ಕಣ್ಣೀರು ಹಾಕುತ್ತಾರೆ.

ಮೈಸೂರಲ್ಲಿ ಭೋಗ್ಯದ ಮನೆಗಳು ಬಹಳ. ಒಂದೇ ಸಲ ಲಕ್ಷಗಟ್ಟಲೆ ಕೊಡುವುದು, ತಿಂಗಳ ಬಾಡಿಗೆ ಇಲ್ಲ, ಬಿಡುವಾಗ ಅಷ್ಟೂ ದುಡ್ಡು ವಾಪಸ್. ಕೇಳಲು ಚೆನ್ನಾಗಿದೆ. "ಹೊಲ ಮಾರಿದ ದುಡ್ಡು ಬ್ಯಾಂಕಲ್ಲಿದೆ, ಮಗಳಿಗೆ ಒಂದು ಮನೆ ಭೋಗ್ಯಕ್ಕೆ ಹಾಕ್ಕೊಟ್ಬುಡ್ತೀನಿ" ಅಂತ ಒಬ್ಬ ತಂದೆ ನನ್ನ ಮುಂದೆ ಕೂತು ಹೇಳಿದ್ದರು. ನಾನು ಬೇಡ ಅಂದೆ. ನಿಮಗೂ ಅದನ್ನೇ ಹೇಳುತ್ತೇನೆ, ಮೊದಲ ವರ್ಷ ಭೋಗ್ಯ ಬೇಡ. ಕೆಲಸ ಹೊಂದುತ್ತದೋ ಇಲ್ಲವೋ ಗೊತ್ತಿಲ್ಲ, ಮಧ್ಯದಲ್ಲಿ ಬಿಟ್ಟರೆ ಓನರ್ ಕೈಯಲ್ಲಿ ಅಷ್ಟು ದುಡ್ಡು ಇರುವುದಿಲ್ಲ. ಹೊಸ ಭೋಗ್ಯದವರು ಬರುವವರೆಗೆ ನೀವು ಕಾಯಬೇಕು. ಇದಕ್ಕಿಂತ ದೊಡ್ಡ ಅಪಾಯ ಅಂದರೆ ಆ ಮನೆಯ ಮೇಲೆ ಬ್ಯಾಂಕ್ ಸಾಲ ಇದ್ದು, ಓನರ್ ಕಂತು ಕಟ್ಟದಿದ್ದರೆ ಬ್ಯಾಂಕು ಮನೆಗೆ ನೋಟಿಸ್ ಅಂಟಿಸುತ್ತದೆ. ಆಗ ಬರೀ ಛಾಪಾ ಕಾಗದದ ಮೇಲೆ ಬರೆಸಿಕೊಂಡ ಕರಾರು ಹಿಡಿದು ನೀವು ಓಡಾಡಬೇಕು. ಮುಂದೆ ಯಾವತ್ತಾದರೂ ಭೋಗ್ಯಕ್ಕೆ ಹೋಗುವುದಾದರೆ ನೋಂದಣಿ ಇಲಾಖೆಯ ಕಾವೇರಿ ಪೋರ್ಟಲಿನಲ್ಲಿ ಇ.ಸಿ. (ಋಣಭಾರ ಪತ್ರ) ತೆಗೆಸಿ ನೋಡಿ, ಪತ್ರವನ್ನು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಿ. "ನೋಂದಣಿ ಯಾಕೆ, ನಂಬಿಕೆ ಇಲ್ವಾ" ಅನ್ನುವ ಓನರ್ ಮನೆ ಬೇಡವೇ ಬೇಡ.

ಇನ್ನೊಂದು ವಿಷಯ ಹೇಳಲೇಬೇಕು. ಮನೆ ಕೇಳಲು ಹೋದಾಗ ಹೆಸರು ಕೇಳುತ್ತಾರೆ, ಊರು ಕೇಳುತ್ತಾರೆ, ಆಮೇಲೆ ಸ್ವಲ್ಪ ತಡೆದು "ನೀವು ಯಾವ ಜನ?" ಅಂತ ಕೇಳುತ್ತಾರೆ. ಬೋರ್ಡಿನ ಮೇಲೆ ಸಸ್ಯಾಹಾರಿಗಳಿಗೆ ಮಾತ್ರ ಅಂತ ಬರೆದಿರುತ್ತಾರೆ. ಫೋನಿನಲ್ಲಿ ಬನ್ನಿ ಅಂದವರು ಮುಖ ನೋಡಿದ ಮೇಲೆ ಮನೆ ಕೊಟ್ಟುಬಿಟ್ಟಿದ್ದೇವೆ ಅನ್ನುತ್ತಾರೆ. ದಲಿತ ಹುಡುಗರು, ಮುಸ್ಲಿಂ ಹುಡುಗರು ನನ್ನ ಮುಂದೆ ಇದನ್ನು ಹೇಳಿಕೊಂಡಿದ್ದಾರೆ. ಒಬ್ಬ ಹುಡುಗ ಒಂದೇ ಭಾನುವಾರ ಒಂದೇ ಬೀದಿಯಲ್ಲಿ ಮನೆ ಮನೆಗೆ ಹೋಗಿ ಬಂದು, ಸೋಮವಾರ ಸೀದಾ ನನ್ನ ಹತ್ತಿರ ಬಂದು "ಮೇಡಂ, ನನ್ನ ಮಾರ್ಕ್ಸ್ ಕಾರ್ಡ್ ತೋರಿಸ್ಲಾ ಅವ್ರಿಗೆ?" ಅಂತ ಕೇಳಿದ್ದ. ಇದು ಅನ್ಯಾಯ. ಇದನ್ನು ನಮ್ಮ ಊರಿನ ಪದ್ಧತಿ ಅಂತ ಒಪ್ಪಿಕೊಳ್ಳಲು ನನಗೆ ಆಗುವುದಿಲ್ಲ.

ನಿಮ್ಮಲ್ಲಿ ಯಾರಿಗೆ ಈ ಪ್ರಶ್ನೆ ಅಡ್ಡ ಬರುವುದಿಲ್ಲವೋ ಅವರು ಒಂದು ಕೆಲಸ ಮಾಡಬಹುದು. ಜೊತೆಗೆ ಸೇರುವ ಗೆಳೆಯನನ್ನೋ ಗೆಳತಿಯನ್ನೋ ಕರೆದುಕೊಂಡು ಹೋಗಿ ಮನೆ ನೋಡಿ. ನಾವಿಬ್ಬರೂ ಇರುತ್ತೇವೆ ಅಂತ ಮೊದಲೇ ಹೇಳಿ. ಕರಾರು ಪತ್ರದಲ್ಲಿ ಇಬ್ಬರ ಹೆಸರೂ ಹಾಕಿಸಿ. ಒಬ್ಬರಿಗೆ ಆಗಲ್ಲ ಅಂದರೆ ಇಬ್ಬರೂ ಎದ್ದು ಬನ್ನಿ. ಕಂಪನಿಯಲ್ಲಿ ಹಿರಿಯರು ಖಾಲಿ ಮಾಡುತ್ತಿರುವ ಮನೆ ಇದೆಯಾ ಅಂತಲೂ ವಿಚಾರಿಸಿ. ಹಾಗೆ ಕೈಯಿಂದ ಕೈಗೆ ಬರುವ ಮನೆಯಲ್ಲಿ ಈ ಪ್ರಶ್ನೆ ಕಡಿಮೆ.

ಹೆಣ್ಣುಮಕ್ಕಳಿಗೆ ಪಿಜಿ ಸುಲಭ, ನಿಜ. ಮೊದಲ ಎರಡು ಮೂರು ತಿಂಗಳಿಗೆ ಗಂಡುಮಕ್ಕಳಿಗೂ ನಾನು ಪಿಜಿಯನ್ನೇ ಹೇಳುತ್ತೇನೆ. ಊರು ಗೊತ್ತಾಗುವವರೆಗೆ ದೊಡ್ಡ ಅಡ್ವಾನ್ಸ್ ಸಿಕ್ಕಿಕೊಳ್ಳುವುದಿಲ್ಲ. ಆದರೆ ಗೇಟ್ ಹಾಕುವ ಹೊತ್ತು ಕೇಳಿ. ಒಂಬತ್ತೂವರೆಗೆ ಗೇಟ್ ಹಾಕುವ ಪಿಜಿಯಲ್ಲಿ ಸೆಕೆಂಡ್ ಶಿಫ್ಟಿನವರು ಇರುವುದು ಹೇಗೆ? ತಡವಾಗಿ ಬಂದವರಿಗೆ ಊಟ ಎತ್ತಿಡುತ್ತಾರಾ ಕೇಳಿ. ಥರ್ಡ್ ಶಿಫ್ಟ್ ಮುಗಿಸಿ ಬೆಳಿಗ್ಗೆ ಮಲಗುವವರಿದ್ದರೆ ರೂಮಿನಲ್ಲಿ ಜೊತೆಗಿರುವವರ ಹೊತ್ತೂ ಹೊಂದಬೇಕು. ರಾತ್ರಿ ಕಂಪನಿ ಗಾಡಿ ಬಿಡುವುದು ಬಾಗಿಲಿಗಾ, ಮೇನ್ ರೋಡಿಗಾ? ಮೇನ್ ರೋಡಿಗೆ ಅಂದರೆ ಬಾಗಿಲವರೆಗೆ ಬಿಡಿ ಅಂತ ಬರೆದು ಕೇಳಿ. ನೀವು ಒಬ್ಬರೇ ಕೇಳುವುದಕ್ಕಿಂತ ಅದೇ ಗಾಡಿಯಲ್ಲಿ ಬರುವ ನಾಲ್ಕು ಜನ ಸೇರಿ ಕೇಳಿದರೆ ಬೇಗ ಆಗುತ್ತದೆ.

ಮನೆ ಗೊತ್ತಾದ ಮೇಲೆ ಕರಾರು. ಸಾಮಾನ್ಯವಾಗಿ 11 ತಿಂಗಳಿಗೆ ಬರೆಸುತ್ತಾರೆ, ಒಂದು ವರ್ಷ ಮೀರಿದರೆ ನೋಂದಣಿ ಕಡ್ಡಾಯ ಅನ್ನುವ ಕಾರಣಕ್ಕೆ. ಅದರಲ್ಲಿ ಅಡ್ವಾನ್ಸ್ ಎಷ್ಟು, ಬಿಡುವಾಗ ಎಷ್ಟು ದಿನದೊಳಗೆ ಕೊಡಬೇಕು, ಬಣ್ಣಕ್ಕೆ ಅಂತ ಎಷ್ಟು ಹಿಡಿಯುತ್ತಾರೆ, ಖಾಲಿ ಮಾಡಲು ಎಷ್ಟು ತಿಂಗಳು ಮೊದಲು ತಿಳಿಸಬೇಕು, ಇಷ್ಟೂ ಬರೆದಿರಬೇಕು. ಅಡ್ವಾನ್ಸನ್ನು ಬ್ಯಾಂಕ್ ಮೂಲಕವೇ ಕೊಡಿ. ನಗದು ಕೊಟ್ಟರೆ ಅದಕ್ಕೆ ಸಾಕ್ಷಿ ಇರುವುದಿಲ್ಲ. ಸಾಮಾನು ಇಡುವ ಮೊದಲೇ ಗೋಡೆ, ಕಿಟಕಿ, ನಲ್ಲಿ, ಸಿಂಕು, ಮೀಟರಿನ ಅಂಕಿ ಎಲ್ಲದರ ಫೋಟೋ ತೆಗೆದು ಅವತ್ತೇ ಓನರ್‌ಗೆ ವಾಟ್ಸಾಪ್ ಮಾಡಿ. ಬಿಡುವ ದಿನ ಅದೇ ಜಾಗಗಳ ಫೋಟೋ ಮತ್ತೆ ತೆಗೆಯಿರಿ. ಮೀಟರ್ ಓದಿಸಿ, ಬಾಕಿ ಕಟ್ಟಿ, ಆರ್.ಆರ್. ನಂಬರಿನಿಂದ ನಿಮ್ಮ ಆಧಾರ್ ಬಿಡಿಸಿಕೊಳ್ಳಿ. ಬೀಗದ ಕೈ ಕೊಡುವುದು ಅಡ್ವಾನ್ಸ್ ನಿಮ್ಮ ಖಾತೆಗೆ ಬಂದ ಮೇಲೆ.